ಹತ್ತನೆಯವರು ಬೇಕಾಗಿದ್ದಾರೆ

ನಮ್ಮ ಭಾವನವರದು ಬೆಳೆಯುತ್ತಿರುವ ಉದ್ಯಮ. ಇದು ನಾನು ಹೇಳಿದ್ದಲ್ಲ, ಅವರ ವಿಸಿಟಿಂಗ್ ಕಾರ್ಡಿನಲ್ಲೇ ಅಚ್ಚಾಗಿದೆ. ಅಕ್ಕ ಅಡುಗೆಮನೆಯಲ್ಲಿ ಶುರು ಮಾಡಿದ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ ಈಗ ರಾಜಾಜಿನಗರದ ಒಂದು ಶೆಡ್ಡಿಗೆ ಬಂದು ನಿಂತಿದೆ. ಆರ್ಡರು ವಾಟ್ಸಾಪಿನಲ್ಲಿ ಬರುತ್ತದೆ, ದುಡ್ಡು ಯುಪಿಐನಲ್ಲಿ ಬರುತ್ತದೆ. ಎಲ್ಲವೂ ಬೆಳೆದಿದೆ. ಬೆಳೆಯದೆ ಇರುವುದು ಹಾಜರಿ ಪುಸ್ತಕ ಮಾತ್ರ. 3 ವರ್ಷದಿಂದ ಅದರಲ್ಲಿ 9 ಹೆಸರು.

ಕಾರಣ ಇಎಸ್‌ಐ, ಅಂದರೆ ಕೆಲಸದವರ ವಿಮೆ. ಕೆಲಸದವರು 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. ತಿಂಗಳಿಗೆ 18,000 ಸಂಬಳ ಅಂದರೆ ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 585 ರೂಪಾಯಿ. ಭಾವ ಈ ಲೆಕ್ಕ ಹೇಳುವುದನ್ನು ಕೇಳಿದರೆ ಯಾರೋ ಅವರ ಕಿಡ್ನಿಯನ್ನೇ ಕೇಳಿದ್ದಾರೆ ಅನ್ನಿಸುತ್ತದೆ. "ಒಬ್ಬನಿಗಾದರೆ ಸರಿ ಕಣಪ್ಪಾ. ಹತ್ತನೆಯವನು ಬಂದ ಅಂದ್ರೆ ಹಿಂದಿನ ಒಂಬತ್ತು ಜನಕ್ಕೂ ಕಟ್ಟಬೇಕು!"

ಹಾಗಾಗಿ ಭಾವನ ಶೆಡ್ಡಿಗೆ ಹತ್ತನೆಯವನು ಬಂದರೆ ಅವನು ಕೆಲಸದವನಲ್ಲ, ನೆಂಟ. ಮೊನ್ನೆ ನಾನು ಹೋದಾಗ 4 ಜನ ನೆಂಟರು ಹಿಟ್ಟು ಕಲಸುತ್ತಿದ್ದರು. ಅವರಲ್ಲಿ ಒಬ್ಬನ ಊರು ಬಿಹಾರ. ನಮ್ಮ ವಂಶದವರು ಅಷ್ಟು ದೂರ ಹೆಣ್ಣು ಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ.

ಆದರೆ ಆರ್ಡರು ನೋಡಿಕೊಳ್ಳೋಕೆ ಒಬ್ಬರು ಬೇಕೇ ಬೇಕಿತ್ತು. ಆಫೀಸಿಗೆ ಬರುವವರನ್ನು ಇಟ್ಟುಕೊಳ್ಳೋದಾ, ದೂರದಲ್ಲೇ ಕೂತು ಮಾಡುವ ರಿಮೋಟ್ ಅಸಿಸ್ಟೆಂಟನ್ನಾ? ಭಾವ ಒಂದು ಹಾಳೆಯ ಮಧ್ಯೆ ಗೆರೆ ಎಳೆದು ಎರಡೂ ಕಡೆ ಬರೆದರು. ಎಡಗಡೆ ಕುರ್ಚಿ, ಕಾಫಿ, ಕರೆಂಟು, ದೀಪಾವಳಿ ಬೋನಸ್ಸು. ಬಲಗಡೆ ಏನೂ ಇರಲಿಲ್ಲ. ಬಲಗಡೆಯೇ ಗೆದ್ದಿತು.

ಮೊದಲು ಒಂದು ಏಜೆನ್ಸಿಯ ಮೂಲಕ ಬೇರೆ ರಾಜ್ಯದ ಹುಡುಗನೊಬ್ಬ ಸಿಕ್ಕಿದ. ಕನ್ನಡ ಬರಲ್ಲ, ಕಂಪ್ಯೂಟರ್ ಅನುವಾದ ಮಾಡುತ್ತಲ್ಲ ಅಂದರು ಭಾವ. ಮಂಡ್ಯದ ಒಬ್ಬ ಅಜ್ಜಿ ಮೆಸೇಜು ಹಾಕಿದರು: "ಹೋದ್ಸಲ ಕಳಿಸಿದ್ ನಿಪ್ಪಟ್ಟು ಮೆತ್ತಗಿತ್ತು ಕಣಪ್ಪ." ತಕ್ಷಣ ಉತ್ತರ ಹೋಯಿತು: "ನಮ್ಮ ಮೃದುವಾದ ನಿಪ್ಪಟ್ಟನ್ನು ಮೆಚ್ಚಿದ್ದಕ್ಕೆ ಧನ್ಯವಾದಗಳು. ಇನ್ನೂ ಮೃದುವಾದದ್ದು ಬೇಕೇ?" ಅಜ್ಜಿ ಆಮೇಲೆ ಏನು ಬರೆದರೋ ಅದನ್ನು ಯಾವ ಕಂಪ್ಯೂಟರೂ ಅನುವಾದ ಮಾಡಲಿಲ್ಲ.

ಆಗ ನನ್ನ ಹೆಂಡತಿ ತನ್ನ ತವರಿನ ಕಡೆಯ ಒಬ್ಬಳ ಹೆಸರು ಹೇಳಿದಳು. ಸಾಗರದ ಹತ್ತಿರದ ಹಳ್ಳಿ. ಬಿಕಾಂ ಓದಿದವಳು, ಕೈಯಲ್ಲಿ ಪುಟ್ಟ ಮಗು. ಅವಳು ಸೇರಿದ ವಾರದಲ್ಲೇ ಹಳೇ ಬಾಕಿಯೆಲ್ಲ ವಸೂಲಿ. ದೂರು ಕೊಟ್ಟವರ ಹತ್ತಿರವೇ ಇನ್ನೆರಡು ಕೆಜಿ ಆರ್ಡರು. 9ಕ್ಕೆ ಕೂತರೆ 11ಕ್ಕೆಲ್ಲ ಕೆಲಸ ಮುಗಿದಿರುತ್ತಿತ್ತು.

ಅದೇ ಭಾವನ ನಿದ್ದೆಗೆಡಿಸಿತು. "11ರಿಂದ 6ರ ತನಕ ಏನ್ ಮಾಡ್ತಾಳೆ?"

"ಕೆಲಸ ಮುಗಿದಿದೆಯಲ್ಲ ಭಾವ."

"ಮುಗಿದಿದೆ ಕಣಯ್ಯ, ಆದ್ರೆ ಸಂಬಳ 6ರ ತನಕ ಅಲ್ವಾ?"

ಇಲ್ಲೊಂದು ಮಾತು ಹೇಳಬೇಕು. ಆ ಹುಡುಗಿ ಒಮ್ಮೆ ಪಿಎಫ್ ಬಗ್ಗೆ ಕೇಳಿದ್ದಳು. "ನೀನು ಕನ್ಸಲ್ಟೆಂಟ್ ಅಮ್ಮಾ, ನಿನಗೆ ಪಿಎಫ್ ಎಲ್ಲಿ ಬರುತ್ತೆ" ಅಂದಿದ್ದರು ಭಾವ. ಅದೇ ವಾರ ಅವಳು ಮಗುವಿಗೆ ಜ್ವರ ಅಂತ ಅರ್ಧ ದಿನ ರಜೆ ಕೇಳಿದಾಗ, "ಹೀಗೆ ಹೇಳ್ದೆ ಕೇಳ್ದೆ ರಜೆ ಹಾಕೋಕೆ ಆಗಲ್ಲ, ಇದು ಆಫೀಸು" ಅಂದರು. ರಜೆ ಕೇಳಿದರೆ ನೌಕರಳು, ಪಿಎಫ್ ಕೇಳಿದರೆ ಕನ್ಸಲ್ಟೆಂಟು. ಭಾವನ ಹತ್ತಿರ ಎರಡೂ ಟೋಪಿ ಇವೆ. ಯಾವುದನ್ನು ಯಾವಾಗ ಹಾಕಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಕೊನೆಗೆ ಒಂದು ಸಾಫ್ಟ್‌ವೇರ್ ಬಂತು. ಪ್ರತಿ 10 ನಿಮಿಷಕ್ಕೆ ಅವಳ ಕಂಪ್ಯೂಟರಿನ ಪರದೆಯ ಫೋಟೋ ತೆಗೆದು ಕಳಿಸುತ್ತದೆ. ಮೌಸು ಎಷ್ಟು ಹೊತ್ತು ಅಲ್ಲಾಡಿತು ಅಂತ ಪರ್ಸೆಂಟು ಕೊಡುತ್ತದೆ. ಮೊದಲ ದಿನ ಭಾವ ಬೆಳಗ್ಗೆಯಿಂದ ಸಂಜೆ ತನಕ ಆ ಫೋಟೋಗಳನ್ನೇ ನೋಡುತ್ತಾ ಕೂತರು. ಹಿಂದಿನಿಂದ ಅಕ್ಕ, "ರೀ, ಬಾಣಲೆ ಹೊಗೆಯಾಡ್ತಿದೆ" ಅಂತ 3 ಸಲ ಕೂಗಿದಳು. ಒಂದು ಒಬ್ಬೆ ಕೋಡುಬಳೆ ಕರ್ರಗೆ ಇದ್ದಿಲಾಯಿತು. ಪರದೆಯಲ್ಲಿ ಮಾತ್ರ ಎಲ್ಲ ಹಸಿರು.

ಹೀಗೇ ಆದರೆ ಉದ್ಯಮ ನಡೆಯಲ್ಲ ಅಂತ ಭಾವನಿಗೂ ಅನ್ನಿಸಿತು. ಫೋಟೋ ನೋಡೋಕೆ ಒಬ್ಬ ಸೂಪರ್‌ವೈಸರನ್ನು ಇಟ್ಟರು. ಅವನು ಆಫೀಸಿಗೇ ಬರಬೇಕು. ಮನೆ ಕಾಡುಗೋಡಿಯಲ್ಲಿ. ನೇರಳೆ ಮೆಟ್ರೋ ಹತ್ತಿ ಮೆಜೆಸ್ಟಿಕ್, ಅಲ್ಲಿ ಇಳಿದು ನೂಕುನುಗ್ಗಲಲ್ಲಿ ಹಸಿರು ಮೆಟ್ರೋ, ಆಮೇಲೆ ನಡಿಗೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ಟಿಕೆಟ್ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಅವನ ಜೇಬಿಗೂ ತೂತು. ಇಷ್ಟೆಲ್ಲ ಮಾಡಿ ಬಂದು, ಬೆವರು ಒರೆಸಿಕೊಂಡು, ಲ್ಯಾಪ್‌ಟಾಪ್ ತೆಗೆದು, ಸಾಗರದಲ್ಲಿ ಕೂತವಳ ಪರದೆ ನೋಡುತ್ತಾನೆ. ಅವನ ಹೆಸರು ಹಾಜರಿ ಪುಸ್ತಕಕ್ಕೆ ಬಂದ ದಿನವೇ ಪ್ಯಾಕಿಂಗ್ ಮಾಡುವ ಹುಡುಗನೊಬ್ಬ ನೆಂಟನಾದ.

"ಇದನ್ನ ಅವನು ಕಾಡುಗೋಡಿಯಿಂದಲೇ ನೋಡಬಹುದಲ್ವಾ ಭಾವ?" ಅಂದೆ.

"ಆಮೇಲೆ ಅವನನ್ನ ಯಾರು ನೋಡ್ತಾರೆ?" ಅಂದರು.

ಭಾವನನ್ನೊಬ್ಬರನ್ನೇ ಆಡಿಕೊಂಡು ಪ್ರಯೋಜನ ಇಲ್ಲ. ಅವರು ದೊಡ್ಡವರನ್ನು ನೋಡಿ ಕಲಿತವರು. 2020ರ ಮಾರ್ಚಿನಲ್ಲಿ ಇದೇ ಬೆಂಗಳೂರಿನ ಕಂಪನಿಗಳು ಲ್ಯಾಪ್‌ಟಾಪ್ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದವು. ಮಲೆನಾಡಿನ ಮಕ್ಕಳು ನೆಟ್‌ವರ್ಕಿಗೆ ಗುಡ್ಡ ಹತ್ತಿದರು. ಕೆಲಸ ಏನೂ ನಿಲ್ಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ, ಮುಖ ನೋಡದೆ ಕೆಲಸ ಆಗಲ್ಲ, ಬನ್ನಿ ಅಂದರು. ಜನ ಔಟರ್ ರಿಂಗ್ ರೋಡಿನಲ್ಲಿ ಗಂಟೆಗಟ್ಟಲೆ ಬ್ರೇಕ್ ಒತ್ತಿಕೊಂಡು ಬಂದರು. ಬಂದು ಹೆಡ್‌ಫೋನ್ ಹಾಕಿಕೊಂಡು ಪುಣೆಯವರ ಜೊತೆ ವಿಡಿಯೋದಲ್ಲಿ ಮಾತಾಡಿದರು. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳೇ ವಿಪ್ರೋದ ಪ್ರೇಮ್‌ಜಿ ಅವರಿಗೆ ಪತ್ರ ಬರೆದು, ರಿಂಗ್ ರೋಡಿನ ದಟ್ಟಣೆ ಕಮ್ಮಿ ಮಾಡೋಕೆ ಸರ್ಜಾಪುರದ ಕ್ಯಾಂಪಸ್ ಒಳಗೆ ಕಾರು ಬಿಡ್ತೀರಾ ಅಂತ ಕೇಳಿದರು. ಆಗಲ್ಲ ಅಂತ ವಿನಯದ ಉತ್ತರ ಬಂತು. ಕಾರು ಎಲ್ಲಿ ಬಿಡೋದು ಅಂತ ಇಷ್ಟು ದೊಡ್ಡವರು ತಲೆ ಕೆಡಿಸಿಕೊಂಡರು. ಜನರನ್ನು ಮನೆಯಲ್ಲೇ ಬಿಟ್ಟರೆ ಕಾರೂ ಅಲ್ಲೇ ಇರುತ್ತೆ ಅಲ್ವಾ?

ಭಾವನಿಗೆ ಈ ಕಂಪನಿಯ ಇನ್ನೊಂದು ಸುದ್ದಿ ಬಾಯಿಪಾಠ. 2022ರಲ್ಲಿ, ಪ್ರತಿಸ್ಪರ್ಧಿ ಕಂಪನಿಗೂ ಕೆಲಸ ಮಾಡುತ್ತಿದ್ದರು ಅಂತ 300 ಜನರನ್ನು ಮನೆಗೆ ಕಳಿಸಿದ್ದು. ಆ ಕಾಲದಲ್ಲಿ ಐಟಿಯವರು ಬಹಳಷ್ಟು ಮಂದಿ ಮನೆಯಲ್ಲೇ ಇದ್ದರು. ಮನೆಯಲ್ಲಿದ್ದವರನ್ನು ಮನೆಗೆ ಕಳಿಸೋದು ಹೇಗೆ ಅಂತ ನಾನು ಕೇಳಿದ್ದಕ್ಕೆ, "ನೀನು ಬಿಸಿನೆಸ್ ಮಾಡಿದವನಲ್ಲ" ಅಂದರು. ಅವರ ಭಯ ಏನಪ್ಪಾ ಅಂದರೆ, ಆ ಹುಡುಗಿ ಮಧ್ಯಾಹ್ನ ಕೂತು ಅಡಿಕೆ ಸುಲಿಯುತ್ತಿರಬಹುದು.

ಭಯ ನಿಜವಾಗಿತ್ತು. ಸುಗ್ಗಿಯ ಕಾಲ, ಅವಳು ಸುಲಿಯುತ್ತಿದ್ದಳು. ಇದು ನನಗೆ ಗೊತ್ತಾಗಿದ್ದು ಹೆಂಡತಿಯ ಫೋನಿನಿಂದ. 11ಕ್ಕೆ ಕೆಲಸ ಮುಗಿಸಿ, ಮಗುವನ್ನು ತೊಲೆಗೆ ಕಟ್ಟಿದ ಸೀರೆ ತೊಟ್ಟಿಲಲ್ಲಿ ಮಲಗಿಸಿ, ತೊಟ್ಟಿಲಿನ ಅಂಚಿಗೆ ಒಂದು ದಾರ, ದಾರದ ಇನ್ನೊಂದು ತುದಿಗೆ ಮೌಸು. ಅತ್ತೆ ಒಂದು ಸಲ ತೂಗಿದರೆ ಮೌಸು ಮೇಜಿನ ಮೇಲೆ ಆ ಕಡೆ ಈ ಕಡೆ ಸುಮಾರು ಹೊತ್ತು ಓಡಾಡುತ್ತದೆ. ಅಂಗಳದಲ್ಲಿ ಅಡಿಕೆ, ಒಳಗೆ ಜೋಗುಳ, ರಾಜಾಜಿನಗರದಲ್ಲಿ ಹಸಿರು.

ತಿಂಗಳ ಕೊನೆಗೆ ಲೆಕ್ಕ ಬಂತು. ಅವಳದು ಶೇ 98. ಕಾಡುಗೋಡಿಯವನದು ಶೇ 61, ಯಾಕಂದರೆ ಅವನು ಪಾಪ ಆಗಾಗ ಎದ್ದು ಹೋಗಿ ಡಬ್ಬ ಪ್ಯಾಕ್ ಮಾಡೋಕೆ ಕೈಜೋಡಿಸುತ್ತಿದ್ದ. ಭಾವ ಅವನಿಗೆ ಬೈದು, ಸಾಗರಕ್ಕೆ 'ತಿಂಗಳ ಬೆಸ್ಟ್ ಎಂಪ್ಲಾಯಿ' ಅಂತ ಸರ್ಟಿಫಿಕೇಟ್ ಕಳಿಸಿದರು. ಜೊತೆಗೆ ಕೊರಿಯರಿನಲ್ಲಿ 2 ಕೆಜಿ ಕೋಡುಬಳೆ. ಕರ್ರಗಾದ ಒಬ್ಬೆಯದೇ ಇರಬೇಕು.

ನಿನ್ನೆ ಭಾವ ಮತ್ತೆ ಫೋನ್ ಮಾಡಿದ್ದರು. ಧ್ವನಿಯಲ್ಲಿ ಬೇಜಾರು. "ಶೇ 40ಕ್ಕೆ ಇಳಿದಿದೆ ಕಣಪ್ಪಾ. ಬೆಸ್ಟ್ ಎಂಪ್ಲಾಯಿ ಅಂದಿದ್ದೇ ತಪ್ಪಾಯ್ತು, ತಲೆಗೇರಿದೆ."

"ಆರ್ಡರು ಕಮ್ಮಿ ಆಗಿದೆಯಾ?"

"ಇಲ್ಲ, ಜಾಸ್ತಿನೇ ಆಗಿದೆ. ಆದ್ರೆ ಶಿಸ್ತು ಅನ್ನೋದು ಬೇಕಲ್ಲ. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಒಂದು ನೋಟಿಸ್ ಬರೆದುಕೊಡು."

ಹೆಂಡತಿಯನ್ನು ಕೇಳಿದೆ. ಮಗು ಅಂಬೆಗಾಲಿಡೋಕೆ ಶುರು ಮಾಡಿದೆಯಂತೆ. ತೊಟ್ಟಿಲಲ್ಲಿ ನಿಲ್ಲೋದೇ ಇಲ್ವಂತೆ.

ನೋಟಿಸ್ ಅರ್ಧ ಬರೆದಿದ್ದೇನೆ. ಮಗುವಿನ ಹೆಸರೇನು ಅಂತ ಕೇಳೋದು ಮರೆತುಹೋಯಿತು.