ಹೆಲಿಕಾಪ್ಟರ್ ಯಾರದ್ದಾದರೇನು, ಹೊತ್ತಿಗೆ ಬಂದರೆ ಸಾಕು

ಬೆಟ್ಟದಲ್ಲೋ ಸಮುದ್ರದಲ್ಲೋ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತರಲು ಸೇನೆಯವರು ಬಂದರೆ ಜೀವ ಉಳಿಯುತ್ತದೆ, ಕಂಪನಿಯವರು ಬಂದರೆ ಬಿಲ್ ಬರುತ್ತದೆ. ನಮ್ಮವರಲ್ಲಿ ಈ ನಂಬಿಕೆ ಗಟ್ಟಿ. ಸ್ಕಾಟ್ಲೆಂಡಿಗೆ ಬಂದು ನೆಲೆಸಿದ ಮೇಲೆ ನನ್ನದು ಸ್ವಲ್ಪ ಸಡಿಲವಾಗಿದೆ.

ಬ್ರಿಟನ್ನಿನಲ್ಲಿ 2015ರವರೆಗೆ ಈ ಕೆಲಸಕ್ಕೆ ವಾಯುಪಡೆಯ ಹಳದಿ ಸೀ ಕಿಂಗ್ ಹೆಲಿಕಾಪ್ಟರುಗಳಿದ್ದವು, ಜೊತೆಗೆ ನೌಕಾಪಡೆಯವೂ ಇದ್ದವು. ರಾಜಕುಮಾರ ವಿಲಿಯಂ ಕೂಡ ವೇಲ್ಸಿನಲ್ಲಿ ಇದನ್ನೇ ಹಾರಿಸಿದ್ದ. ಅವು ಹಳೆಯವಾದವು. 2013ರಲ್ಲಿ ಸರ್ಕಾರ ಬ್ರಿಸ್ಟೋ ಕಂಪನಿಗೆ 10 ವರ್ಷಕ್ಕೆ ಸುಮಾರು 160 ಕೋಟಿ ಪೌಂಡಿನ ಗುತ್ತಿಗೆ ಕೊಟ್ಟಿತು. ಆಗ ಗಲಾಟೆ ಆಯಿತು. ಆದರೆ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಂಥ ಕಡೆ 1980ರ ದಶಕದಿಂದಲೇ ಖಾಸಗಿ ಪೈಲಟ್‌ಗಳು ಕೋಸ್ಟ್‌ಗಾರ್ಡ್‌ಗಾಗಿ ಬಿರುಗಾಳಿಯಲ್ಲಿ ಹಾರುತ್ತಿದ್ದರು, ಅದು ಯಾರಿಗೂ ನೆನಪಾಗಲಿಲ್ಲ. ಅಂದಹಾಗೆ, ಬೆಟ್ಟದಿಂದ ಎತ್ತಿ ತಂದವರಿಗೆ ಇಲ್ಲಿ ಯಾರೂ ಬಿಲ್ ಕಳಿಸುವುದಿಲ್ಲ.

ಕೆಲಸ ನೋಡಿದರೆ ಗೊತ್ತಾಗುತ್ತದೆ. ಒಳಗೆ ನಾಲ್ಕು ಜನ. ಕೆಳಗೇನಿದೆ ಅಂತ ಪೈಲಟ್‌ಗೆ ಕಾಣುವುದೇ ಇಲ್ಲ. ಬಾಗಿಲಲ್ಲಿ ಮಂಡಿಯೂರಿ ಕೂತ ವಿಂಚ್ (ಹಗ್ಗ ಇಳಿಸಿ ಎತ್ತುವ ಯಂತ್ರ) ಆಪರೇಟರ್ ‘ಮುಂದೆ ಐದು, ಬಲಕ್ಕೆ ಎರಡು’ ಅಂತ ಹೇಳುತ್ತಾ ಹೋಗುತ್ತಾನೆ, ಆ ಮಾತನ್ನೇ ನಂಬಿ ಅಷ್ಟು ದೊಡ್ಡ ಯಂತ್ರವನ್ನು ಗಾಳಿಯಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ಹಗ್ಗದಲ್ಲಿ ಇಳಿಯುವವನನ್ನು ಅವನು ನೀರನ್ನೋ ದೋಣಿಯನ್ನೋ ಮುಟ್ಟುವ ಮೊದಲೇ ದೋಣಿಯವರು ಗಾಬರಿಯಲ್ಲಿ ಹಿಡಿದರೆ ಶಾಕ್ ಹೊಡೆಯುತ್ತದೆ, ಹಾರುವಾಗ ಹೆಲಿಕಾಪ್ಟರಿನಲ್ಲಿ ಅಷ್ಟು ವಿದ್ಯುತ್ ಸೇರಿಕೊಂಡಿರುತ್ತದೆ. ಇದೆಲ್ಲ ಕೈಗೆ ಹತ್ತುವುದು ವರ್ಷಗಟ್ಟಲೆ ಮಾಡಿದರೆ ಮಾತ್ರ, ಯೂನಿಫಾರ್ಮ್ ಹಾಕಿದ್ದಕ್ಕಲ್ಲ.

ಕಂಪನಿಗೆ ಸೇರಿದವರಲ್ಲಿ ಬಹಳ ಜನ ಸೇನೆಯಲ್ಲೇ ಪಳಗಿದವರು. ಅವರೆಲ್ಲ ನಿವೃತ್ತರಾದ ಮೇಲೆ ಹೊಸಬರನ್ನು ಯಾರು ತಯಾರು ಮಾಡುತ್ತಾರೆ? ನನಗೆ ಇರುವ ಅನುಮಾನ ಅದೊಂದೇ. ನೆಲೆಗಳೂ 12ರಿಂದ 10ಕ್ಕೆ ಇಳಿದವು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ನೆಲೆ 2017ರಲ್ಲಿ ಮುಚ್ಚಿದಾಗ ಜನ ಕಂಪನಿಯನ್ನು ಬೈದರು, ಆದರೆ ಎಷ್ಟು ನೆಲೆ ಬೇಕು ಅಂತ ತೀರ್ಮಾನಿಸಿದ್ದು ಸರ್ಕಾರ ಅಲ್ವಾ?

ಇಲ್ಲಿ ಕರೆ ಬಂದರೆ ಹಗಲಲ್ಲಿ 15 ನಿಮಿಷದೊಳಗೆ, ರಾತ್ರಿ 45 ನಿಮಿಷದೊಳಗೆ ಹೊರಡಬೇಕು. ಆ ಹೆಲಿಕಾಪ್ಟರಿಗೆ ಬೇರೆ ಕೆಲಸವೇ ಇಲ್ಲ. ನಾನು ನಮ್ಮೂರ ಕಡೆ ಹುಡುಕುವುದು ಇದನ್ನೇ. ಸಮುದ್ರಕ್ಕಾದರೆ ಪರವಾಗಿಲ್ಲ, ಮಲ್ಪೆಯ ಮೀನುಗಾರರು 1554ಕ್ಕೆ ಕರೆ ಮಾಡಿದರೆ ಕೋಸ್ಟ್‌ಗಾರ್ಡ್ ಇದೆ. ರಕ್ಷಣಾ ಇಲಾಖೆಯದೇ ಆದರೂ ಜನರನ್ನು ಕಾಪಾಡುವುದು ಅದರ ಸ್ವಂತ ಕೆಲಸ. ಬೆಟ್ಟಕ್ಕೆ ಯಾರಿದ್ದಾರೆ? 2018ರಲ್ಲಿ ಕೊಡಗು ಕುಸಿದಾಗ ಸೇನೆಯನ್ನೇ ಕರೆಯಬೇಕಾಯಿತು. 2013ರಲ್ಲಿ ಕೇದಾರದಲ್ಲಿ ವಾಯುಪಡೆ ಸಾವಿರಾರು ಜನರನ್ನು ಹೊತ್ತು ತಂದಿತು, ಗೌರಿಕುಂಡದ ಹತ್ತಿರ ವಾಯುಪಡೆಯದೇ ಒಂದು ಎಂಐ-17 ಹೆಲಿಕಾಪ್ಟರ್ ಬಿದ್ದು 20 ಜನ ಹೋದರು. ಯಾತ್ರಿಕರನ್ನು ಒಯ್ಯುವ ಖಾಸಗಿ ಹೆಲಿಕಾಪ್ಟರುಗಳೂ ಆಗ ದುಡಿದವು, ಆದರೆ ಅದು ಆಂಬುಲೆನ್ಸ್ ಇಲ್ಲದ ಊರಲ್ಲಿ ಆಟೋ ಹಿಡಿದ ಹಾಗೆ.

ಧ್ರುವ್ ಹೆಲಿಕಾಪ್ಟರ್ ತಯಾರಾಗುವುದು ಬೆಂಗಳೂರಿನಲ್ಲೇ. ಮಳೆಗಾಲದ ನಾಲ್ಕು ತಿಂಗಳು ಘಟ್ಟಕ್ಕೆ ಅಂತಲೇ ವಿಂಚ್ ಇರುವ ಒಂದನ್ನು ಮಂಗಳೂರಿನಲ್ಲೋ ಮೈಸೂರಿನಲ್ಲೋ ನಿಲ್ಲಿಸಲಿ. ಮಂಜು ಕವಿದ ದಿನ ಅದೂ ಹಾರುವುದಿಲ್ಲ, ಒಪ್ಪುತ್ತೇನೆ. ವಾಯುಪಡೆಯೇ ಹಾರಿಸಲಿ, ಕಂಪನಿಯೇ ಹಾರಿಸಲಿ. ಟೆಂಡರ್ ಕರೆಯುವುದೇ ಆದರೆ ಕಡಿಮೆ ರೇಟ್ ಹಾಕಿದವನಿಗೆ ಸುಮ್ನೆ ಕೊಟ್ಟುಬಿಡಬೇಡಿ, ಹಗ್ಗದಲ್ಲಿ ಇಳಿಯುವವನಿಗೆ ತಿಂಗಳಿಗೆ ಎಷ್ಟು ಗಂಟೆ ತರಬೇತಿ ಅನ್ನುವುದನ್ನು ಕರಾರಿನಲ್ಲಿ ಮೊದಲು ಬರೆಯಿಸಿ.