ಒಂದನೇ ತಾರೀಕಿನ ಚೌಕ

ಕಾಯಿ ಕೊಯ್ಯುವವನು ಕೊನೆಗೂ ಫೋನೆತ್ತಿದ. "ಒಂದನೇ ತಾರೀಕಿಗೆ ಬರ್ತೇನೆ ಮಾಷ್ಟ್ರೇ" ಎಂದ. ಒಂದು ತಿಂಗಳು ಕಾದು ಸಿಕ್ಕಿದ ಮಾತು. ಮರೆಯುವ ಮೊದಲು ಬರೆದಿಡೋಣ ಎಂದು ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತರೆ, ನವೆಂಬರ್ 1ರ ಚೌಕದಲ್ಲಿ ಇರುವೆ ಕೂರುವಷ್ಟು ಜಾಗವೂ ಇಲ್ಲ.

ಕೇರಳದ ಕಾಸರಗೋಡಿನ ನಮ್ಮ ಮನೆಯಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರ್. ಮೇಲಿನದು ಮಂಗಳೂರಿನಿಂದ ಬಂದ ಕನ್ನಡದ್ದು, ಅಡಿಯದು ಇಲ್ಲಿನ ಅಂಗಡಿಯವರು ಕೊಟ್ಟ ಮಲಯಾಳದ್ದು. ಮೇಲಿನದರಲ್ಲಿ ನವೆಂಬರ್ 1 ಕೆಂಪು: ಕನ್ನಡ ರಾಜ್ಯೋತ್ಸವ. ಹಾಳೆ ಎತ್ತಿದರೆ ಅದೇ 1 ಕಪ್ಪು: ಕೇರಳಪ್ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ. ಹಬ್ಬ ಎರಡು ರಾಜ್ಯಕ್ಕೂ ಉಂಟು, ರಜೆ ಮಾತ್ರ ಒಂದಕ್ಕೆ. ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದ ಮಾಷ್ಟ್ರುಗಳು ಆ ದಿನ ಬಾವುಟ ಹಾರಿಸಿ, ಮಿಠಾಯಿ ತಿಂದು ಮನೆಗೆ ಬರುತ್ತಾರೆ. ನಾನು ಮೂವತ್ತು ವರ್ಷ ಆ ದಿನ ಕೊನೆಯ ಬೆಲ್ಲಿನವರೆಗೆ ಮಗ್ಗಿ ಕೇಳಿಸಿದೆ. ಇದು ಹೊಟ್ಟೆಕಿಚ್ಚು ಅಂತೀರಾದರೆ ಹೌದು, ಹೊಟ್ಟೆಕಿಚ್ಚೇ.

ಇಷ್ಟರ ಮೇಲೆ ಅದೇ ಚೌಕದಲ್ಲಿ ತಿಥಿ, ನಕ್ಷತ್ರ, ಕ್ರೈಸ್ತರ ಸಕಲ ಸಂತರ ಹಬ್ಬ. ಸಾಲದ್ದಕ್ಕೆ ಬೆಳಿಗ್ಗೆ ಆರಕ್ಕೇ ಫೋನಿಗೆ ಬಂದು ಬೀಳುವ 'ಇಂದಿನ ವಿಶೇಷ'. ಆಂಧ್ರಪ್ರದೇಶ, ಮಧ್ಯಪ್ರದೇಶ ಎರಡೂ ಹುಟ್ಟಿದ್ದು ಕೇರಳದ ಹಾಗೆ 1956ರ ಅದೇ ದಿನ. ಹರಿಯಾಣ 1966. ಛತ್ತೀಸಗಢ 2000. ಸಮುದ್ರದ ನಡುವೆ ಸುಮ್ನೆ ಇದ್ದ ಲಕ್ಷದ್ವೀಪವನ್ನೂ ಬಿಡಲಿಲ್ಲ. ಒಂದೇ ದಿನದ ತಲೆ ಮೇಲೆ ಇಷ್ಟೆಲ್ಲ ಯಾಕೆ ಬಂದು ಕೂರುತ್ತದೋ! ಇದರ ಮೇಲೆ ನಮ್ಮ ಚಿಕ್ಕಮ್ಮನ ಕಥೆ.

ಚಿಕ್ಕಮ್ಮ ಹುಟ್ಟಿದ್ದು 1956ರ ನವೆಂಬರ್ 1ರ ಬೆಳಗಿನ ಜಾವ. ದೀಪಾವಳಿಯ ಹೊತ್ತು. ಹಿಂದಿನ ಸಂಜೆ ಅಜ್ಜಿ ಬಚ್ಚಲಿನ ಹಂಡೆ ತಿಕ್ಕಿ, ಬಾವಿಯಿಂದ ನೀರು ಸೇದಿ ತುಂಬಿಸುತ್ತಿದ್ದಾಗ ಬೇನೆ ಶುರುವಾಯಿತು. ಆಗ ನಮ್ಮ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಕೋಳಿ ಕೂಗುವ ಹೊತ್ತಿಗೆ ಮಗು ಅತ್ತಿತು. ಅಷ್ಟರಲ್ಲಿ ಊರು ಕೇರಳ. ಬೇನೆ ಬಂದದ್ದು ಮದರಾಸಿನಲ್ಲಿ, ಹೆತ್ತದ್ದು ಕೇರಳದಲ್ಲಿ, ಕೋಣೆ ಮಾತ್ರ ಒಂದೇ. ಮಗುವನ್ನು ಮೀಯಿಸಿದ್ದು ಮದರಾಸಿನ ನೀರಲ್ಲಿ ಅಂತ ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಸೂಲಗಿತ್ತಿ ಮಲಯಾಳದಲ್ಲಿ ಗದರಿಸುತ್ತಿದ್ದಳಂತೆ, ಅಜ್ಜಿ ತುಳುವಿನಲ್ಲಿ ಅಳುತ್ತಿದ್ದರಂತೆ, ಅಜ್ಜ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಸರಕಾರವನ್ನು ಬಯ್ಯುತ್ತಿದ್ದರಂತೆ. ಕೊನೆಯದನ್ನು ನಾನು ಪೂರ್ತಿ ನಂಬುತ್ತೇನೆ.

ಅಜ್ಜ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗಳಿಗೆ, ನಕ್ಷತ್ರ ಎಲ್ಲ ಬರೆದಿಟ್ಟರು. ಶಾಲೆಗೆ ಸೇರಿಸುವಾಗ ಅದು ಯಾರಿಗೂ ಬೇಕಾಗಲಿಲ್ಲ. 1961ರ ಜೂನ್. ಐದು ವರ್ಷ ತುಂಬಿರಬೇಕು, ಐದು ತಿಂಗಳು ಕಮ್ಮಿ. ಹೆಡ್ಮಾಷ್ಟ್ರು ತಲೆ ಎತ್ತದೆ 1-6-1956 ಎಂದು ಬರೆದುಬಿಟ್ಟರು. ಆ ಕಾಲದಲ್ಲಿ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ ಬಿಡಿ. ಆದರೆ ಲೆಕ್ಕ ನೋಡಿ. ಜೂನ್ 1ಕ್ಕೆ ಕೇರಳವೇ ಹುಟ್ಟಿರಲಿಲ್ಲ! ಹಾಗಾಗಿ ಚಿಕ್ಕಮ್ಮ ಕಾಗದದಲ್ಲಿ ಮದರಾಸಿನವರು. ಅಜ್ಜನಿಗೆ ಇದು ಗೊತ್ತಾದ ದಿನ ಹೆಡ್ಮಾಷ್ಟ್ರ ಮನೆಗೆ ಒಂದು ಬಾಳೆಗೊನೆ ಹೋಯಿತು.

ನಿಜವಾಗಿ ಅವರು ಹುಟ್ಟಿದ್ದು ಮಲಬಾರ್ ಜಿಲ್ಲೆಯಲ್ಲಿ. ಕಾಸರಗೋಡು ತಾಲೂಕನ್ನು ಮೊದಲು ಸೇರಿಸಿದ್ದು ಅದಕ್ಕೆ. ಎರಡೇ ತಿಂಗಳು. 1957ರ ಜನವರಿ 1ಕ್ಕೆ ಕಣ್ಣೂರು ಜಿಲ್ಲೆ. 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ. ಮನೆಯ ಒಂದು ಹಂಚೂ ಕದಲಲಿಲ್ಲ. ಚಿಕ್ಕಮ್ಮನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ 'ಹುಟ್ಟಿದ ಜಿಲ್ಲೆ' ಎಂಬಲ್ಲಿ ಎಂತ ಬರೆಯುವುದೆಂದು ನಾವು ಮೂವರು ಕೂತು ನಾಲ್ಕು ಜಿಲ್ಲೆ ಹೇಳಿದೆವು. ಅರ್ಜಿ ತುಂಬಿಸುವ ಹುಡುಗನ ಹಿಂದೆ ಸಾಲು ಬೆಳೆಯುತ್ತಿತ್ತು. "ಕಾಸರಗೋಡು ಹಾಕ್ತೇನೆ ಅಮ್ಮ, ಊಟಕ್ಕೆ ಹೋಗ್ಲಿಕ್ಕುಂಟು" ಎಂದ.

ದಾಖಲೆಯ ದಿನ ಬೇರೆ, ಹುಟ್ಟಿದ ದಿನ ಬೇರೆ ಎಂಬ ಕಥೆ ದೊಡ್ಡವರದ್ದೂ ಉಂಟು. ಪಿಣರಾಯಿ ವಿಜಯನ್ ಮೊದಲ ಸಲ ಮುಖ್ಯಮಂತ್ರಿಯಾಗುವ ಮುನ್ನಾದಿನ, 2016ರ ಮೇ 24ಕ್ಕೆ, ತನ್ನ ನಿಜವಾದ ಹುಟ್ಟುಹಬ್ಬ ಇವತ್ತು ಎಂದು ಪತ್ರಕರ್ತರಿಗೆ ಹೇಳಿದರು. ಅದೇ ದಿನ ನಮ್ಮ ಜಿಲ್ಲೆಯ ಹುಟ್ಟುಹಬ್ಬ ಕೂಡ. ನಮ್ಮ ಬೀದಿಯಲ್ಲಿ ಜಿಲ್ಲೆಗಾಗಿ ಯಾರೂ ಲಡ್ಡು ಹಂಚಿದ ನೆನಪಿಲ್ಲ.

ಚಿಕ್ಕಮ್ಮನಿಗೆ ಜೂನ್ 1ಕ್ಕೆ ಬ್ಯಾಂಕಿನಿಂದ ಶುಭಾಶಯ ಬರುತ್ತದೆ. ಮನೆಯಲ್ಲಿ ಪಾಯಸ ನಕ್ಷತ್ರದ ದಿನಕ್ಕೆ. ನವೆಂಬರ್ 1ಕ್ಕೆ ಏನೂ ಇಲ್ಲ. "ಬೇಜಾರಾಗುವುದಿಲ್ವಾ?" ಎಂದು ಕೇಳಿದರೆ, "ಆ ದಿನ ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳ್ತಾ ಇರ್ತಾರಲ್ಲ, ಅದರಲ್ಲಿ ನನಗೂ ಒಂದು ಸಿಗ್ತದೆ" ಎನ್ನುತ್ತಾರೆ.

ನಮಗೆ ಸಿಗುವುದು ಮಂಗಳೂರಿನ ಭಾವ. ರಜೆ ಅಲ್ವಾ, ಪ್ರತಿವರ್ಷ ಕಾರಿಗೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡು ಊಟಕ್ಕೆ ಬರುತ್ತಾನೆ. ಸಾರು ಅನ್ನದ ಹೊತ್ತಿಗೆ ಗಡಿ ತಕರಾರಿನ ಮಹಾಜನ ವರದಿ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲೇ ಬರೆದಿದ್ದಾರೆ ಎಂದು ನನಗೇ ಹೇಳುತ್ತಾನೆ. ಆ ಹೊಳೆಯ ಬಡಗಿಗೇ ನಮ್ಮ ಮನೆ ಇರುವುದು, ಅವನು ಕೂತದ್ದೂ ಅಲ್ಲೇ. ಮಜ್ಜಿಗೆಯ ಹೊತ್ತಿಗೆ ಐಶ್ವರ್ಯಾ ರೈ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟರು, ಅದೇ ದಿನ ಮಂಗಳೂರಿನಲ್ಲಿ ಆಕೆ ಹುಟ್ಟಿದಳು, ಎಂಥ ಯೋಗ ನೋಡು ಭಾವ! ಯೋಗವೋ ಎಂತದೋ. ಈಗ ಅವನ ಪ್ರಕಾರ ಅವಳು ಹುಟ್ಟಿದ ಖುಷಿಗೇ ರಾಜ್ಯಕ್ಕೆ ಹೆಸರಿಟ್ಟ ಹಾಗೆ ಕೇಳುತ್ತದೆ.

ಇದೆಲ್ಲ ತಡೆದುಕೊಳ್ಳಬಹುದು. ಕೈತೊಳೆದು ಬಂದು ಆರಾಮಕುರ್ಚಿಯಲ್ಲಿ ಒರಗಿ, ಆಸ್ಪತ್ರೆಗೆ ರೋಗಿ ನೋಡಲು ಬಂದವರ ದನಿಯಲ್ಲಿ, "ಪಾಪ, ಇಲ್ಲಿ ನಿಮಗೆ ಕನ್ನಡ ಪೇಪರ್ ಸಿಗ್ತದಾ?" ಎಂದು ಕೇಳುತ್ತಾನಲ್ಲ, ಅದು ಆಗುವುದಿಲ್ಲ. ಆ ದಿನದ ಪೇಪರಿನ ಮೇಲೆಯೇ ಅವನು ಕೂತಿರುತ್ತಾನೆ. ನಾನು ಇನ್ನೂ ಓದಿರುವುದಿಲ್ಲ.

ಇರಲಿ. ಜಾಗವಿಲ್ಲದ್ದಕ್ಕೆ ನಾನು 31ರ ಚೌಕದಲ್ಲಿ 'ಕಾಯಿ' ಎಂದು ಬರೆದು ಬಲಕ್ಕೆ ಒಂದು ಬಾಣ ಎಳೆದೆ. ನನ್ನ ಹೆಂಡತಿ ಬಾಣ ನೋಡಲಿಲ್ಲ. 31ಕ್ಕೇ ಕಾಯಿ ಸುಲಿಯುವವನನ್ನು ಕರೆಸಿ, ಎರಡು ಚಾ ಕೊಟ್ಟು, ಮರದ ಬುಡದಲ್ಲಿ ಕೂರಿಸಿದಳು. ಒಂದಕ್ಕೆ ಭಾವ ಬಂದ, ಕೊಯ್ಯುವವನು ಬರಲಿಲ್ಲ. ಮಾರನೆ ದಿನ ಬಂದ. "ನಿನ್ನೆ ಎಲ್ಲಿಗೆ ಹೋಗಿದ್ದಿ?" ಎಂದೆ.

"ಉಳ್ಳಾಲದಲ್ಲಿ ತಂಗಿ ಮನೆಗೆ ಮಾಷ್ಟ್ರೇ. ಅಲ್ಲಿ ರಜೆ ಅಲ್ವಾ?"

ಎರಡನೇ ತಾರೀಕಿನ ಚೌಕದಲ್ಲಿ ಬೇಕಾದಷ್ಟು ಜಾಗ ಇತ್ತು. ಮರ 14, ಕಾಯಿ 160, ಬೊಂಡ 6 ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.