ಗೂಡು ಕೀಳುವ ಮೊದಲು ಹಕ್ಕಿ ಯಾವುದೆಂದು ನೋಡಬೇಕು

ಮೆಲ್ಬರ್ನ್‌ನಲ್ಲಿರುವ ಅಣ್ಣನ ಮಗಳು ಕಳೆದ ವಾರ ಎರಡು ಹಕ್ಕಿಗಳ ಫೋಟೊ ಕಳುಹಿಸಿ, "ಚಿಕ್ಕಪ್ಪ, ಇವೆರಡೂ ನಮ್ಮ ತುಮಕೂರಿನ ಗೊರವಂಕವೇ ಅಲ್ಲವೇ? ಹೊರಗಿನಿಂದ ಬಂದ ಹಕ್ಕಿ, ಹಿತ್ತಲ ಮರದ ಗೂಡನ್ನು ಕಿತ್ತುಹಾಕಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ" ಎಂದು ಕೇಳಿದ್ದಳು.

ಮೊದಲನೆಯದು ನಿಸ್ಸಂಶಯವಾಗಿ ಗೊರವಂಕ, ಅಂದರೆ ಮೈನಾ. ನಮ್ಮ ಕಾಂಪೌಂಡಿನ ಮೇಲೆ ದಿನವೂ ಬಂದು ಕೂರುವ ಜೋಡಿಯಂತೆಯೇ ಕಂದು ಮೈ, ಕಪ್ಪು ತಲೆ, ಕಣ್ಣಿನ ಸುತ್ತ ಹಳದಿ ಚರ್ಮ, ಹಳದಿ ಕೊಕ್ಕು, ಹಳದಿ ಕಾಲು. ನೆಲದ ಮೇಲೆ ಅದು ಗುಬ್ಬಚ್ಚಿಯಂತೆ ಕುಪ್ಪಳಿಸುತ್ತಾ ಸಾಗುವುದಕ್ಕಿಂತ ಹೆಚ್ಚಾಗಿ ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತದೆ. ಹಾರಿದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿ ಪಟ್ಟೆ ತೆರೆದುಕೊಳ್ಳುತ್ತದೆ. ಎರಡನೆಯ ಹಕ್ಕಿಗೂ ಕೊಕ್ಕು ಹಳದಿ, ಕಣ್ಣಿನ ಹಿಂದೆಯೂ ಹಳದಿ ಚರ್ಮ, ಆದರೆ ಮೈ ಬೂದು ಬಣ್ಣ, ಎದೆಯ ಮೇಲೆ ಮೀನಿನ ಹುರುಪೆಯಂಥ ತೆಳು ಗೆರೆಗಳು. ಅದು ಮಕರಂದ ಹೀರುವ ಹಕ್ಕಿಗಳ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯಾದ್ದೇ ಆದ ನಾಯ್ಸಿ ಮೈನರ್. ಉಚ್ಚಾರಣೆಯಲ್ಲಿ ಮೈನಾಕ್ಕೂ ಮೈನರ್‌ಗೂ ಅಲ್ಲಿ ವ್ಯತ್ಯಾಸವೇ ಕೇಳಿಸದಿರುವುದರಿಂದ ಗೊಂದಲ ಸಹಜ. ಆದರೆ ಆ ಹಕ್ಕಿಗೆ ಅಲ್ಲಿ ಕಾನೂನಿನ ರಕ್ಷಣೆಯಿದೆ.

ನನಗೆ ಖಚಿತವಾದದ್ದು ಗೂಡಿನಿಂದ. ಕೊಂಬೆಯ ಕವಲಿನಲ್ಲಿ ಕಡ್ಡಿ, ಹುಲ್ಲು ಹೆಣೆದ ತೆರೆದ ಬಟ್ಟಲಿನಂಥ ಗೂಡು ಅದು. ಗೊರವಂಕ ಹಾಗೆ ಕಟ್ಟುವುದು ತೀರಾ ಅಪರೂಪ. ಅದಕ್ಕೆ ಮರದ ಪೊಟರೆ, ಗೋಡೆಯ ತೂತು, ಹೆಂಚಿನ ಸಂದು ಬೇಕು.

ಪಕ್ಕದ ಮನೆಯವರ ಕಳವಳವನ್ನು ನಾನು ತಳ್ಳಿಹಾಕುವುದಿಲ್ಲ. 1860ರ ದಶಕದಲ್ಲಿ ತರಕಾರಿ ತೋಟಗಳ ಹುಳು ತಿನ್ನಲೆಂದು ಗೊರವಂಕವನ್ನು ಮೆಲ್ಬರ್ನ್‌ಗೆ ಒಯ್ದವರು ಮನುಷ್ಯರೇ. ಅಲ್ಲಿ ಅದು ಸ್ಥಳೀಯ ಗಿಳಿಗಳ ಪೊಟರೆಗಳನ್ನು ಆಕ್ರಮಿಸಿಕೊಂಡಿತು. 2000ದಲ್ಲಿ ಪ್ರಕಟವಾದ, ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಮೂರೇ ಹಕ್ಕಿಗಳಲ್ಲಿ ಇದೂ ಒಂದು. ಇನ್ನೊಂದು, ನಮ್ಮ ಬೇಲಿಗಳಲ್ಲೇ ಕಾಣುವ, ಬಾಲದ ಬುಡ ಕೆಂಪಗಿರುವ ಪಿಕಳಾರ ಎಂಬುದನ್ನು ಓದಿದಾಗ ನನಗೆ ನಿಜಕ್ಕೂ ನೋವಾಗಿತ್ತು. ತನ್ನ ನೆಲದಲ್ಲಿ ಯಾರಿಗೂ ಕಂಟಕವಾಗದ ಹಕ್ಕಿಯನ್ನು ಸಮುದ್ರ ದಾಟಿಸಿ, ಆಮೇಲೆ ಅದಕ್ಕೆ ಕಳ್ಳನ ಹೆಸರು ಕೊಡುವುದು ನ್ಯಾಯವಲ್ಲ. ಹಾನಿಯನ್ನು ತಡೆಯಲೇಬೇಕು, ಒಪ್ಪುತ್ತೇನೆ. ಆದರೆ ಕಣ್ಣಂಚಿನ ಹಳದಿಯೊಂದನ್ನೇ ನೋಡಿ ಕೋಲು ಎತ್ತಬಾರದು.

ಮರದ ಗೂಡನ್ನು ಮುಟ್ಟಬೇಡ ಎಂದು ಅವಳಿಗೆ ಬರೆದೆ. ಕಂದು ಜೋಡಿ ಚಾವಣಿಯಂಚಿನ ತೂತಿಗೆ ಹುಲ್ಲು ಒಯ್ಯುತ್ತಿದೆಯಂತೆ. ಮೊಟ್ಟೆಯಿಡುವ ಮೊದಲೇ ಆ ತೂತನ್ನು ಮುಚ್ಚಿಸಲು ಈ ಶನಿವಾರ ಏಣಿ ತರಿಸುತ್ತಾಳೆ.